ಎಸ್ಸೆಸ್ಸೆಲ್ಸಿ ಬರೆದು ಕೂತಿರುವ ಮಗ, ಏಳನೇ ಕ್ಲಾಸ್ ಮುಗಿಸಿದ ಮಗಳು: ಬೇಸಿಗೆ ರಜೆಗೆ ಏನು ಮಾಡಿಸೋದು?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಮನೆಯವರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ 9ಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ಸಂಜೆ ಆರೂವರೆ ಆಗುತ್ತದೆ. ಮಗನಿಗೆ 15 ತುಂಬಿದೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಾನೆ. ಮಗಳಿಗೆ 12, ಏಳನೇ ಕ್ಲಾಸ್ ಆಯಿತು. ಮನೆಯಲ್ಲಿ ನಮ್ಮ ಅತ್ತೆ ಇದ್ದಾರೆ, ಊಟ ತಿಂಡಿ ನೋಡಿಕೊಳ್ಳುತ್ತಾರೆ. ಆದರೆ ಅವರಿಗೆ ಮಂಡಿ ನೋವು, ಇವರಿಬ್ಬರ ಹಿಂದೆ ಓಡಾಡೋಕೆ ಆಗಲ್ಲ.

ಮಗ ರಾತ್ರಿ ಎರಡು ಗಂಟೆವರೆಗೂ ಫೋನಿನಲ್ಲಿ ಗೇಮ್ ಆಡಿ ಬೆಳಿಗ್ಗೆ 11ಕ್ಕೆ ಏಳುತ್ತಾನೆ. ಮಗಳಿಗೆ ರೀಲ್ಸ್. ಬೇಸಿಗೆ ಶಿಬಿರ ವಿಚಾರಿಸಿದೆ, ಹೋದಲ್ಲೆಲ್ಲ ಮಣ್ಣಿನ ಗೊಂಬೆ, ಪೇಪರ್ ಕಟಿಂಗ್, ಒಲೆ ಹಚ್ಚದ ಅಡುಗೆ. 'ಅದು ಚಿಕ್ಕ ಮಕ್ಕಳದ್ದಮ್ಮ' ಅಂತ ಮಗ ಕಾಲೇ ಇಡಲಿಲ್ಲ, ಅವನು ಹೇಳಿದ್ದು ತಪ್ಪೇನೂ ಅಲ್ಲ. ಈ ಕಡೆ ಪಿಯು ಕಾಲೇಜಿನವರು ರಿಸಲ್ಟ್ ಬರುವ ಮೊದಲೇ ಬ್ರಿಡ್ಜ್ ಕೋರ್ಸ್‌ಗೆ, ಅಂದರೆ ಪಿಯು ಪಾಠಕ್ಕೆ ಮುಂಚಿನ ತಯಾರಿ ಕ್ಲಾಸಿಗೆ, ಸೇರಿಸಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ, ಫೀಸೂ ಜಾಸ್ತಿ. ನನ್ನ ಅಣ್ಣನದು ಹಾರ್ಡ್‌ವೇರ್ ಅಂಗಡಿ ಇದೆ, ಅಲ್ಲಿ ಕೂರಿಸೋಣ ಅಂದರೆ ನಮ್ಮ ಮನೆಯವರು 'ಮಗನನ್ನ ಕೆಲಸಕ್ಕೆ ಹಾಕಿದ್ದಾರೆ ಅಂತಾರೆ ಜನ' ಅಂತಾರೆ. ಮಗನಿಗೋ ಸ್ಕೂಟರ್ ಕೊಟ್ಟರೆ ಸಾಕು, ಫ್ರೆಂಡ್ಸ್ ಜೊತೆ ಹೋಗಿ ಬರುತ್ತೇನೆ ಅನ್ನೋ ಹಟ.

ಈ ವಯಸ್ಸಿನ ಮಕ್ಕಳಿರುವವರು ನೀವೆಲ್ಲ ಏನು ಮಾಡುತ್ತಿದ್ದೀರಿ? ದುಡ್ಡು ಸುರಿಯುವ ಶಕ್ತಿ ಇಲ್ಲ. ರಜೆ ಹಾಕಿ ಮನೆಯಲ್ಲಿ ಕೂರೋದೂ ಆಗಲ್ಲ. 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಅನ್ನೋದು ಬಿಟ್ಟು ಬೇರೆ ಏನಾದರೂ ಹೇಳಿ, ಪ್ಲೀಸ್.

ಹಾಸನದ ಮೇಷ್ಟ್ರು

ಮೇಡಂ, ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ದಿನಾ ಇದೇ ವಯಸ್ಸಿನ ಮಕ್ಕಳ ಜೊತೆ ಇರುತ್ತೇನೆ. ನನ್ನ ಮಾತು ಇಷ್ಟೇ. ಹೊತ್ತು ಕಳೆಯೋಕೆ ಏನಾದರೂ ಸಿಗುತ್ತಾ ಅಂತ ಹುಡುಕಬೇಡಿ. ಎಂಟು ವರ್ಷದ ಮಗುವಿಗೆ ಅದು ಸಾಕು. 15ರ ಹುಡುಗನಿಗೆ ಇವರು ನನ್ನನ್ನು ಸುಮ್ನೆ ಎಂಗೇಜ್ ಮಾಡುತ್ತಿದ್ದಾರೆ ಅನ್ನೋದು ಕ್ಷಣದಲ್ಲಿ ಗೊತ್ತಾಗುತ್ತದೆ. ಅವನು ಮಾಡದಿದ್ದರೆ ಮನೆಯಲ್ಲಿ ನಿಜವಾಗಿಯೂ ನಿಂತುಹೋಗುವಂಥ ಕೆಲಸ ಕೊಡಿ.

ಕಾಲೇಜು ಸೇರುವ ದಾಖಲೆ ಕೆಲಸವನ್ನೇ ತಗೊಳ್ಳಿ. 15 ತುಂಬಿದ ಮೇಲೆ ಆಧಾರ್‌ಗೆ ಬೆರಳಚ್ಚು, ಕಣ್ಣು ಮತ್ತೆ ಕೊಡಲೇಬೇಕು. 17ರೊಳಗೆ ಮಾಡಿಸಿದರೆ ಶುಲ್ಕ ಇಲ್ಲ. ಸ್ಕಾಲರ್‌ಶಿಪ್‌ಗೆ, ಸೀಟಿಗೆ ಜಾತಿ ಆದಾಯ ಪ್ರಮಾಣಪತ್ರ ಬೇಕು, ಆದಾಯದ್ದಕ್ಕೆ 5 ವರ್ಷದ ಅವಧಿ, ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಹಾಕಬೇಕು. ಈ ಓಡಾಟವನ್ನೆಲ್ಲ ಅಪ್ಪ ರಜೆ ಹಾಕಿ ಮಾಡೋದು ನಮ್ಮಲ್ಲಿ ರೂಢಿ. ಹುಡುಗನೇ ಮಾಡಲಿ. ಒಂದು ಫೈಲ್ ಕೊಡಿಸಿ. ಆಧಾರ್, ಶಾಲೆಯ ದಾಖಲೆ, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ತನ್ನ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡೋಕೆ ಹೇಳಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಂಗ್ಲಿಷ್‌ನಲ್ಲಿ ಒಂದು 'ಎ' ಜಾಸ್ತಿ. ಪ್ರತಿ ವರ್ಷ ಜೂನ್‌ನಲ್ಲಿ ಇದೇ ಕಾರಣಕ್ಕೆ ಅಲೆಯುವ ಅಪ್ಪ ಅಮ್ಮಂದಿರನ್ನು ನೋಡುತ್ತೇನೆ. ಹುಡುಗ ತಾನೇ ಕ್ಯೂನಲ್ಲಿ ನಿಂತು, ಅಲ್ಲಿ ಕೇಳಿದ ಕಾಗದ ಇಲ್ಲ ಅಂತ ವಾಪಸ್ ಬಂದು, ಮಾರನೇ ದಿನ ಮತ್ತೆ ಹೋಗಿ ಮಾಡಿಸಿಕೊಂಡು ಬಂದರೆ ಅವನ ನಡಿಗೆಯೇ ಬೇರೆ ಆಗುತ್ತದೆ.

ಆಮೇಲೆ ಮನೆಯ ಒಂದು ಖರ್ಚು. ತಿಂಗಳ ದಿನಸಿಯೋ ತರಕಾರಿಯೋ, ಯಾವುದಾದರೂ ಒಂದು ಪೂರ್ತಿ ಅವನ ಕೈಗೆ ಕೊಡಿ. ದುಡ್ಡೂ ಅವನ ಹತ್ತಿರವೇ ಇರಲಿ, ಲೆಕ್ಕ ಬರೆದಿಡಲಿ. ಮಗಳ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಿರಿ. 10 ವರ್ಷ ದಾಟಿದ ಮಕ್ಕಳು ತಾವೇ ಸಹಿ ಹಾಕಿ ಖಾತೆ ನಡೆಸಬಹುದು.

ನಿದ್ದೆ ವಿಷಯಕ್ಕೆ ಜಗಳ ಬೇಡ. ಹದಿಹರೆಯದಲ್ಲಿ ದೇಹವೇ ನಿದ್ದೆಯನ್ನು ತಡವಾಗಿ ಕರೆಯುತ್ತದೆ, ಅದು ಸೋಮಾರಿತನ ಅಲ್ಲ. ಬೆಳಿಗ್ಗೆ ಐದೂವರೆಗೆ ಎಬ್ಬಿಸೋ ಹಟ ಬಿಡಿ. ಆದರೆ ರಾತ್ರಿ 11ಕ್ಕೆ ಮನೆಯವರೆಲ್ಲರ ಫೋನೂ ಹಾಲಿನಲ್ಲಿ ಚಾರ್ಜಿಗೆ ಬೀಳಲಿ. ಎಲ್ಲರದ್ದೂ ಅಂದರೆ ಅಪ್ಪನದ್ದೂ.

ಬ್ರಿಡ್ಜ್ ಕೋರ್ಸ್ ಬಗ್ಗೆ ನನಗೆ ಒಲವಿಲ್ಲ. ಮುಂದಿನ ಎರಡು ವರ್ಷ ಹೇಗೂ ಗಾಣಕ್ಕೆ ಕಟ್ಟುತ್ತೀರಿ, ಈಗಲೇ ಬೇಡ.

ಇಬ್ಬರು ಮಕ್ಕಳ ಅಪ್ಪ, ದಾವಣಗೆರೆ

ಮೇಷ್ಟ್ರೇ, ಉಳಿದಿದ್ದೆಲ್ಲ ಒಪ್ಪಿದೆ, ಕೊನೆಯ ಮಾತಿಗೆ ಮಾತ್ರ ಸ್ವಲ್ಪ ತಡೆಯಿರಿ. ಹುಡುಗ ಓದಿದ್ದು ಕನ್ನಡ ಮಾಧ್ಯಮದಲ್ಲಾ ಇಂಗ್ಲಿಷ್ ಮಾಧ್ಯಮದಲ್ಲಾ ಅನ್ನೋದು ಮುಖ್ಯ. ನನ್ನ ದೊಡ್ಡ ಮಗಳು ಕನ್ನಡ ಮಾಧ್ಯಮ. ಪಿಯು ಸೈನ್ಸ್ ಸೇರಿದ ಮೇಲೆ ಮೊದಲ ಎರಡು ತಿಂಗಳು ಅತ್ತುಕೊಂಡೇ ಬರುತ್ತಿದ್ದಳು. ಅವಳಿಗೆ ವೇಗೋತ್ಕರ್ಷ ಗೊತ್ತು, ಆಕ್ಸಿಲರೇಷನ್ ಅಂದರೆ ಅದೇ ಅಂತ ಗೊತ್ತಿಲ್ಲ. ವಿಷಯ ಬರುತ್ತದೆ, ಪದ ಬರಲ್ಲ. ಅಂಥ ಮಕ್ಕಳಿಗೆ ರಜೆಯಲ್ಲಿ ದಿನಕ್ಕೆ ಒಂದು ಗಂಟೆ ತಯಾರಿ ಬೇಕೇ ಬೇಕು.

ಆದರೆ ಅದಕ್ಕೆ ಅಷ್ಟೊಂದು ಫೀಸ್ ಕೊಡಬೇಕಾಗಿಲ್ಲ. ನಮ್ಮ ರಾಜ್ಯದ ಪಿಯು ಸೈನ್ಸ್‌ಗೆ ಇರೋದು ಎನ್‌ಸಿಇಆರ್‌ಟಿ ಪುಸ್ತಕಗಳೇ, ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಮೊದಲ ಒಂದೆರಡು ಪಾಠ ಇಳಿಸಿಕೊಂಡು, ಹತ್ತನೇ ಕ್ಲಾಸಿನ ಕನ್ನಡ ಪುಸ್ತಕ ಪಕ್ಕದಲ್ಲಿಟ್ಟುಕೊಂಡು, ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯುತ್ತಾ ಹೋದರೆ ಸಾಕು. ಚಿಕ್ಕವನಿಗೆ ಅಕ್ಕನೇ ಹೀಗೆ ಬರೆಸಿದಳು, ಅವನು ತರಗತಿಯಲ್ಲಿ ಕಂಗಾಲಾಗಲಿಲ್ಲ.

ಶಿರಸಿ ಅಕ್ಕ

ನನಗೆ ಅನ್ನಿಸೋದು, ಎರಡು ವಾರ ಮಟ್ಟಿಗಾದರೂ ಯಾವುದಾದರೂ ಹಳ್ಳಿ ಮನೆಗೆ ಕಳಿಸಿ. ಅತಿಥಿಗಳ ಥರ ಅಲ್ಲ, ಕೆಲಸಕ್ಕೆ. ನಮ್ಮಲ್ಲಿ ಏಪ್ರಿಲ್ ಮೇ ಅಂದರೆ ಹಲಸಿನ ಹಪ್ಪಳದ ಕಾಲ. ಮಳೆ ಹಿಡಿಯೋದರೊಳಗೆ ವರ್ಷಕ್ಕಾಗುವಷ್ಟು ಮಾಡಿಡಬೇಕು, ಕೈ ಎಷ್ಟಿದ್ದರೂ ಸಾಲಲ್ಲ. ಬೆಂಗಳೂರು, ಹುಬ್ಬಳ್ಳಿಯಿಂದ ಬರುವ ನಮ್ಮ ಅಕ್ಕ ತಂಗಿಯರ ಮಕ್ಕಳು ಎಲ್ಲರೂ 12ರಿಂದ 17ರೊಳಗಿನವರು, ಪೂರ್ತಿ ಅದರಲ್ಲೇ ಮುಳುಗುತ್ತಾರೆ.

ಕಾಯಿ ಬಲಿತಿರಬೇಕು, ಹಣ್ಣಾಗಿರಬಾರದು. ಕೊಯ್ಯೋದು ದೊಡ್ಡ ಹುಡುಗರ ಕೆಲಸ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಕೂತರೆ ಮೇಣ ಹಿಡಿದು ಎರಡು ದಿನ ಹೋಗಲ್ಲ. ತೊಳೆ ಬಿಡಿಸಿ, ಒಳಗಿನ ಬೀಜ ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸಿನಕಾಯಿ, ಕೊತ್ತಂಬರಿ ಬೀಜ ಹಾಕಿ ರುಬ್ಬಬೇಕು. ತಣ್ಣಗಾದರೆ ಹಿಟ್ಟು ನುಣ್ಣಗಾಗಲ್ಲ. ಆಮೇಲೆ ಉಂಡೆ ಮಾಡುವವರ ಒಂದು ಸಾಲು, ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಮಣೆಯಿಂದ ಒತ್ತುವವರು, ಚಾಪೆ ಮೇಲೆ ಹರಡುವವರು. ಮಧ್ಯಾಹ್ನ ಮಗುಚಿ ಹಾಕಬೇಕು. ಮೋಡ ಕಂಡರೆ ಎಲ್ಲರೂ ಅಂಗಳಕ್ಕೆ ಓಡಬೇಕು. ಆ ಓಟದಲ್ಲಿ ಯಾರ ಕೈಯಲ್ಲೂ ಫೋನ್ ಇರಲ್ಲ, ಇಡು ಅಂತ ಹೇಳಬೇಕಾಗಿಯೂ ಇಲ್ಲ. ಹೋದ ವರ್ಷದಿಂದ ಮಕ್ಕಳೇ ಕಟ್ಟು ಕಟ್ಟಿ, ಚೀಟಿ ಬರೆದು ಅಂಟಿಸಿ, ಪರಿಚಯದವರಿಗೆ ಮಾರಿ ದುಡ್ಡು ಹಂಚಿಕೊಳ್ಳುತ್ತಾರೆ. ಲೆಕ್ಕದ ಪುಸ್ತಕ ನನ್ನ ತಂಗಿ ಮಗಳ ಹತ್ತಿರ, ಒಂದು ರೂಪಾಯಿ ಆಚೀಚೆ ಆಗೋಕೆ ಬಿಡಲ್ಲ.

ನಿಮಗೆ ಇಷ್ಟು ದೂರ ಬರೋಕಾಗದಿದ್ದರೆ ನಿಮ್ಮ ಜಿಲ್ಲೆಯಲ್ಲೇ ಗುಬ್ಬಿ ತಾಲ್ಲೂಕಿನ ಚೇಳೂರು ಇದೆಯಲ್ಲ, ಹಲಸಿನ ಸಂತೆಗೆ ಹೆಸರಾದದ್ದು. ಕೆಂಪು ತೊಳೆಯ ಸಿದ್ದು ಹಲಸು ಆ ಕಡೆಯದ್ದೇ. ಒಂದು ದಿನ ಕರೆದುಕೊಂಡು ಹೋಗಿ ನಾಲ್ಕು ಕಾಯಿ ತನ್ನಿ.

ಒಂದು ಮಾತು ಖಡಾಖಂಡಿತ ಹೇಳುತ್ತೇನೆ. ಹುಡುಗಿ ಅಡುಗೆಮನೆಗೆ, ಹುಡುಗ ತೋಟಕ್ಕೆ ಅಂತ ಮಾಡಬೇಡಿ. ಹಪ್ಪಳ ಒತ್ತೋಕೆ ತೋಳಲ್ಲಿ ಬಲ ಬೇಕು, ಹುಡುಗರೂ ಕೂರಲಿ. ಮರದ ಬುಡದಲ್ಲಿ ನಿಂತು ಕಾಯಿ ಬಲಿತಿದೆಯಾ ಅಂತ ತಟ್ಟಿ ನೋಡೋದು ಹುಡುಗಿಯರಿಗೂ ಬರಲಿ.

ಮಂಡ್ಯ ನಾಲೆ ಬದಿಯವನು

ಅಕ್ಕನವರ ಮಾತು ಸರಿ, ಹಳ್ಳಿಗೆ ಕಳಿಸಿ. ಆದರೆ ಕಳಿಸೋ ಮೊದಲು ನನ್ನದೊಂದು ಮಾತು ಕೇಳಿಸಿಕೊಳ್ಳಿ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಮನೆ ವಿಶ್ವೇಶ್ವರಯ್ಯ ನಾಲೆಯ ಹತ್ತಿರ. ರಜೆ ಬಂತು ಅಂದರೆ ನಮಗೆ ಭಯ ಶುರು. ಪೇಟೆಯಿಂದ ಅಜ್ಜಿ ಮನೆಗೆ, ಮಾವನ ಮನೆಗೆ ಬಂದ ಮಕ್ಕಳು ಬಿಸಿಲಿಗೆ ನೀರು ಕಂಡರೆ ಇಳಿಯುತ್ತಾರೆ. ಮೇಲಿಂದ ನೋಡಿದರೆ ನಾಲೆ ನೀರು ಸುಮ್ನೆ ಹರಿಯುತ್ತಿರುವ ಹಾಗೆ ಕಾಣುತ್ತದೆ, ಒಳಗೆ ಸೆಳೆತ ಇರುತ್ತದೆ. ಪಕ್ಕದ ಕಾಂಕ್ರೀಟ್ ಇಳಿಜಾರು, ಪಾಚಿ ಕಟ್ಟಿರುತ್ತದೆ, ಹತ್ತೋಕೆ ಕಾಲಿಗೆ ಹಿಡಿತವೇ ಸಿಗಲ್ಲ. ಈಜು ಬರುವವರೇ ಹೋಗಿದ್ದಾರೆ.

ಅದಕ್ಕಿಂತ ಅಪಾಯ ಕೃಷಿ ಹೊಂಡ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆಯಲ್ಲಿ ತುಂಬ ಹೊಲಗಳಲ್ಲಿ ಹೊಂಡ ಆಗಿದೆ, ನಿಮ್ಮ ತುಮಕೂರು ಕಡೆಯೂ ಇದೆ. ನೀರು ಇಂಗದಿರಲಿ ಅಂತ ಒಳಗೆ ದಪ್ಪ ಪ್ಲಾಸ್ಟಿಕ್ ಹಾಸಿರುತ್ತಾರೆ. ಒದ್ದೆಯಾದ ಆ ಹಾಳೆ ಮೇಲೆ ದೊಡ್ಡ ಗಂಡಸರಿಗೂ ಕಾಲು ನಿಲ್ಲಲ್ಲ. ಒಬ್ಬ ಜಾರಿದರೆ ಅವನನ್ನು ಎಳೆಯೋಕೆ ಹೋದ ಇನ್ನೊಬ್ಬನೂ ಜಾರುತ್ತಾನೆ. ಅಣ್ಣ ತಂಗಿ ಒಟ್ಟಿಗೆ ಹೋದ ಸುದ್ದಿ ಓದುತ್ತೀರಲ್ಲ, ಹೆಚ್ಚಿನವು ಹೀಗೇ ಆಗೋದು. ಸುತ್ತ ತಂತಿ ಬೇಲಿ ಇರಬೇಕು, ಎಲ್ಲ ಕಡೆ ಇರಲ್ಲ. ಒಂದು ಹಗ್ಗವನ್ನು ಗೂಟಕ್ಕೆ ಕಟ್ಟಿ ಹೊಂಡದೊಳಗೆ ಇಳಿಬಿಟ್ಟಿದ್ದರೆ ಜೀವ ಉಳಿಯುತ್ತದೆ, ನೆಂಟರ ಹೊಲದಲ್ಲಿ ಹೊಂಡ ಇದ್ದರೆ ಮೊದಲು ಆ ಕೆಲಸ ಮಾಡಿಸಿ.

ಹಾಗಂತ ನೀರಿಂದ ದೂರ ಇಡಿ ಅಂತ ಹೇಳುತ್ತಿಲ್ಲ. ಈ ರಜೆಯಲ್ಲಿ ಇಬ್ಬರಿಗೂ ಈಜು ಕಲಿಸಿ, ಕೊಳದಲ್ಲಿ, ಕೋಚ್ ಇರುವ ಕಡೆ. ಈ ವಯಸ್ಸಿಗೆ ಬೇಗ ಬರುತ್ತದೆ. ಜೊತೆಗೆ ಇದನ್ನೂ ಬಾಯಿಪಾಠ ಮಾಡಿಸಿ: ಯಾರಾದರೂ ಮುಳುಗುತ್ತಿದ್ದರೆ ಹಾರಬಾರದು. ಹಗ್ಗ, ಪಂಚೆ, ಸೀರೆ, ಉದ್ದದ ಗಳು, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನು ಸಿಕ್ಕುತ್ತೋ ಅದನ್ನು ಎಸೆಯಬೇಕು, ಕೂಗಬೇಕು, 112ಕ್ಕೆ ಫೋನ್ ಮಾಡಬೇಕು.

ಸ್ಕೂಟರ್ ಕೊಡಲೇಬೇಡಿ. 16ಕ್ಕೆ ಲೈಸೆನ್ಸ್ ಸಿಗೋದು ಗೇರ್ ಇಲ್ಲದ, 50 ಸಿಸಿ ಒಳಗಿನ ಗಾಡಿಗೆ ಮಾತ್ರ. ರಸ್ತೆಯಲ್ಲಿ ಓಡುವ ಸ್ಕೂಟರ್‌ಗಳು 110, 125 ಸಿಸಿಯವು, ಅವಕ್ಕೆ 18 ಆಗಬೇಕು. 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದನ್ನು ಅವನಿಗೇ ಓದಿ ತೋರಿಸಿ. ಬದಲಿಗೆ ಒಂದು ಸೈಕಲ್ ರಿಪೇರಿ ಮಾಡಿಸಿ ಕೊಡಿ. ಬೆಳಗಿನ ಜಾವ ಹೊರಟರೆ ನಾಮದ ಚಿಲುಮೆವರೆಗೆ ಹೋಗಿ ಬಿಸಿಲೇರೋದರೊಳಗೆ ಮನೆಗೆ ಬರಬಹುದು. ದೇವರಾಯನದುರ್ಗದ ಏರು ಕಾಲಿಗೆ ಚೆನ್ನಾಗಿ ಕೆಲಸ ಕೊಡುತ್ತದೆ. ಕೈದಾಳ, ಬಸ್ತಿ ಬೆಟ್ಟ ಎಲ್ಲ ನಿಮ್ಮ ಸುತ್ತಲೇ ಇವೆ.

ಮೊಳೆ ಸ್ಕ್ರೂ ಅಂಗಡಿ

ನಂದೂ ಹಾರ್ಡ್‌ವೇರ್ ಅಂಗಡಿಯೇ, ಅದಕ್ಕೇ ಬರೆಯುತ್ತಿದ್ದೇನೆ. ಜನ ಏನಂತಾರೆ ಅನ್ನೋದನ್ನು ನಿಮ್ಮ ಯಜಮಾನರು ಬಿಡಲಿ. ಕಾನೂನು ಏನನ್ನುತ್ತೆ ಅಂದರೆ, 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. ಮನೆಯವರದೇ ವ್ಯವಹಾರ ಆಗಿದ್ದು, ಅಪಾಯ ಇಲ್ಲದ ಕೆಲಸ ಆಗಿದ್ದರೆ ಶಾಲೆ ಮುಗಿದ ಮೇಲೆ, ರಜೆಯಲ್ಲಿ ಕೈಜೋಡಿಸಬಹುದು. 2016ರ ತಿದ್ದುಪಡಿಯಲ್ಲಿ ಸೋದರಮಾವನೂ ಮನೆಯವನೇ ಅಂತ ಲೆಕ್ಕ. 14ರಿಂದ 18ರವರು ಗಣಿ, ಪಟಾಕಿ ಮದ್ದು, ಅಪಾಯದ ಕಾರ್ಖಾನೆ ಬಿಟ್ಟು ಬೇರೆ ಕೆಲಸ ಮಾಡಬಹುದು. ಆದ್ದರಿಂದ ನಿಮ್ಮ ಅಣ್ಣನ ಅಂಗಡಿಯಲ್ಲಿ ಹುಡುಗ ಕೂರೋದರಲ್ಲಿ ತಪ್ಪಿಲ್ಲ. ಸಿಮೆಂಟ್ ಮೂಟೆ ಹೊರಿಸಬಾರದು, ಥಿನ್ನರ್, ಆಸಿಡ್ ಮುಟ್ಟಿಸಬಾರದು, ಕಟಿಂಗ್ ಮಷಿನ್ ಹತ್ತಿರ ಬಿಡಬಾರದು, ಅಷ್ಟೇ.

ಮೊದಲ ವಾರ ಸರಕಿನ ಹೆಸರು ಕಲಿಯೋದರಲ್ಲೇ ಹೋಗುತ್ತದೆ. ಮೊಳೆ ತೂಕದ ಮೇಲೆ ಮಾರುತ್ತೇವೆ, ಸ್ಕ್ರೂ ಎಣಿಸಿ. ಪೈಪ್ ಇಂಚಿನಲ್ಲಿ, ಪೇಂಟ್ ಲೀಟರಿನಲ್ಲಿ. ಗಿರಾಕಿ ಬಂದು 'ಅದೇ ಆ ಬಗ್ಗಿಸಿದ್ದು ಕೊಡಿ, ನಲ್ಲಿ ಹಿಂದೆ ಹಾಕ್ತಾರಲ್ಲ' ಅಂತಾನೆ, ಅವನಿಗೆ ಬೇಕಾಗಿರೋದು ಎಲ್ಬೋ ಅಂತ ಹುಡುಗ ಕಂಡುಹಿಡಿಯಬೇಕು. ಅರ್ಧ ಇಂಚಾ ಮುಕ್ಕಾಲಾ, ಒಳಗೆ ಥ್ರೆಡ್ ಇರೋದಾ ಇಲ್ಲದ್ದಾ ಕೇಳಬೇಕು. ಮನೆಯಲ್ಲಿ ನಾಲ್ಕು ಮಾತಾಡದ ಹುಡುಗರು ಇಲ್ಲಿ ಮಾತು ಕಲಿತಿದ್ದನ್ನು ನೋಡಿದ್ದೇನೆ. ಪ್ಲಂಬರ್‌ಗಳು, ಗಾರೆಯವರು ಬೆಳಿಗ್ಗೆ ಬರುತ್ತಾರೆ, ಅವರ ಜೊತೆ ಮರ್ಯಾದೆಯಿಂದ ಮಾತಾಡೋದನ್ನು ಕಲಿಯಲಿ, ಅದು ಎಲ್ಲಕ್ಕಿಂತ ಮುಖ್ಯ.

ಮಾವನಾದರೂ ಸಂಬಳ ಕೊಡಲೇಬೇಕು. ಎಷ್ಟು ಅಂತ ಮೊದಲೇ ಮಾತಾಡಿ. ಬೆಳಿಗ್ಗೆ 10ರಿಂದ 1ರವರೆಗೆ ಸಾಕು, ಇಡೀ ದಿನ ಬೇಡ. ರಜೆ ಅವನದ್ದೇ ಅಲ್ವಾ.

ಡಿಗ್ರಿ ಮೊದಲ ವರ್ಷದವಳು

ಆಂಟಿ, ಇಲ್ಲಿ ಬರೆದವರಲ್ಲಿ ಚಿಕ್ಕವಳು ನಾನೇ ಇರಬೇಕು. ಮೂರು ವರ್ಷದ ಹಿಂದೆ ನಾನೂ ಎಸ್ಸೆಸ್ಸೆಲ್ಸಿ ಬರೆದು ಹೀಗೇ ಮನೆಯಲ್ಲಿದ್ದೆ. ನಿಮ್ಮ ಮಗನಿಗೆ ರಿಸಲ್ಟ್ ಭಯ ಇದೆ ಅನ್ನೋದನ್ನು ಮರೆಯಬೇಡಿ. ರಾತ್ರಿ ಎರಡರವರೆಗೆ ಆಡೋದು ಬರೀ ಚಟ ಅಲ್ಲದೆಯೂ ಇರಬಹುದು, ಮಲಗಿದರೆ ತಲೆಯಲ್ಲಿ ಅದೇ ಓಡುತ್ತದೆ. 'ಎಷ್ಟು ಬರುತ್ತೆ' ಅಂತ ಬಂದ ನೆಂಟರೆಲ್ಲ ಕೇಳದ ಹಾಗೆ ನೋಡಿಕೊಳ್ಳಿ. ನನಗೆ ಅಪ್ಪ 'ಕಡಿಮೆ ಬಂದರೆ ಬರಲಿ, ಆಮೇಲೆ ನೋಡೋಣ' ಅಂತ ಒಂದೇ ಒಂದು ಸಲ ಹೇಳಿದ್ದರು. ಅವತ್ತು ಚೆನ್ನಾಗಿ ನಿದ್ದೆ ಬಂತು.

ಇನ್ನೊಂದು ವಿಷಯ. ಎಲ್ಲರೂ ಮಗನ ಬಗ್ಗೆಯೇ ಹೇಳುತ್ತಿದ್ದಾರೆ. ಅಂಗಡಿ ಅವನಿಗೆ, ಸೈಕಲ್ ಅವನಿಗೆ, ನಾಡಕಚೇರಿ ಅವನಿಗೆ. ಮಗಳು ಮನೆಯಲ್ಲೇ. 12 ಅಂದರೆ ಹುಡುಗಿಯರಿಗೆ ಹೊರಗೆ ಹೋಗೋದು ಒಂದೊಂದಾಗಿ ನಿಲ್ಲುವ ವಯಸ್ಸು. ನಿನ್ನೆಯವರೆಗೆ ಬೀದಿಯಲ್ಲಿ ಆಡುತ್ತಿದ್ದವಳಿಗೆ ಇವತ್ತು ಬೇಡ ಅಂತಾರೆ, ಅವಳು ಮತ್ತೇನು ಮಾಡಬೇಕು? ಕೈಗೆ ಸಿಗೋದು ಫೋನೇ. ಸೈಕಲ್ ಎರಡು ಕೊಡಿಸಿ, ಇಲ್ಲ ಇರುವ ಒಂದನ್ನೇ ದಿನ ಬಿಟ್ಟು ದಿನ ಕೊಡಿ. ಫ್ರೆಂಡ್ಸ್ ಮನೆಗೆ ಬರಲಿ, ಗಲಾಟೆ ಮಾಡಲಿ. ಮುಟ್ಟಿನ ಬಗ್ಗೆ ಇನ್ನೂ ಮಾತಾಡಿರದಿದ್ದರೆ ಈ ರಜೆಯಲ್ಲೇ ಕೂತು ಮಾತಾಡಿ.

ರೀಲ್ಸ್ ಬಗ್ಗೆ: ಇನ್‌ಸ್ಟಾಗ್ರಾಮ್ ಖಾತೆಗೆ 13 ಆಗಿರಲೇಬೇಕು ಅಂತ ಅವರದ್ದೇ ನಿಯಮ ಇದೆ, ಅವಳಿಗೆ 12. ಅದನ್ನು ತೋರಿಸಿ ಸದ್ಯಕ್ಕೆ ತೆಗೆಸಿ, ಜಗಳ ನಿಮ್ಮ ಮೇಲೆ ಬರಲ್ಲ. ಆದರೆ ಫೋನ್ ಕಿತ್ತುಕೊಂಡು ಸುಮ್ನೆ ಬಿಡಬೇಡಿ, ಫೋನಿನಿಂದಲೇ ಏನಾದರೂ ತಯಾರಾಗಲಿ. ನಿಮ್ಮ ಅತ್ತೆಗೆ ಸೋಬಾನೆ ಪದ, ಬೀಸುವ ಪದ ಬರುತ್ತಾ ಕೇಳಿ. ನಮ್ಮ ಅಜ್ಜಿಯ ಪದಗಳನ್ನು ನಾನು ರೆಕಾರ್ಡ್ ಮಾಡಿ, ಕೇಳಿ ಕೇಳಿ ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದೇನೆ. ಒಂದು ಸಾಲಿನಲ್ಲಿ ಅರ್ಥ ಆಗದ ಮೂರು ಪದ ಇರುತ್ತಿದ್ದವು, ಅಜ್ಜಿಯನ್ನು ಕೇಳಿದರೆ ಅವರ ತವರಿನ ಒಂದು ಕಥೆಯೇ ಹೊರಗೆ ಬರುತ್ತಿತ್ತು. ಮಂಡಿ ನೋವಿನವರಿಗೆ ಮೊಮ್ಮಗಳು ಪಕ್ಕದಲ್ಲೇ ಕೂತಿರುತ್ತಾಳೆ. ಕನ್ನಡ ಟೈಪಿಂಗ್ ಹಾಗೇ ಬಂದುಬಿಡುತ್ತದೆ. ಆಮೇಲೆ ಕನ್ನಡ ವಿಕಿಪೀಡಿಯಕ್ಕೂ ಬರೆಯಬಹುದು, 2003ರಿಂದ ಇದೆ, ಎಷ್ಟೋ ಊರುಗಳ ಪುಟದಲ್ಲಿ ಎರಡು ಸಾಲಷ್ಟೇ ಇರೋದು. ತಮ್ಮ ಊರಿನ ಕೆರೆ, ಗುಡಿ, ಜಾತ್ರೆ ಬಗ್ಗೆ ಅಣ್ಣ ತಂಗಿ ಸೇರಿ ಬರೆಯಲಿ, ಫೋಟೋ ಅವರದ್ದೇ ಹಾಕಲಿ.

ರಾಯಚೂರು ಬಿಸಿಲು

ಅಕ್ಕಾರೆ, ನಮಸ್ಕಾರ. ನಿಮ್ಮ ಕಡೆ ಬೆಳಿಗ್ಗೆ ಸೈಕಲ್ಲಾದರೂ ಹೊಡೆಯಬಹುದು. ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಏಪ್ರಿಲ್ ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ಮಾತ್ರ. ಮಕ್ಕಳ ದಿನವನ್ನೂ ನಾವು ಹಾಗೇ ಮಾಡಿದ್ದೇವೆ. ಹೊರಗಿನ ಕೆಲಸ, ಆಟ ಎಲ್ಲ ಒಂಬತ್ತರೊಳಗೆ. ಆಮೇಲೆ ಊರಿನ ಗ್ರಾಮ ಪಂಚಾಯತಿ ಗ್ರಂಥಾಲಯ, ಈಗ ಅರಿವು ಕೇಂದ್ರ ಅಂತ ಕರೆಯುತ್ತಾರಲ್ಲ, ಅಲ್ಲಿಗೆ. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಧ್ಯಾಹ್ನ ಚೌಕಾಬಾರ, ಕೇರಂ, ನಿದ್ದೆ. ರಾತ್ರಿ ಊಟ ಆದ ಮೇಲೆ ಮಾಳಿಗೆ.

ಮಾಳಿಗೆ ಮೇಲೆ ದೊಡ್ಡ ಹುಡುಗರಿಗೆ ನಕ್ಷತ್ರ ತೋರಿಸಿ. ಈ ಕಾಲದಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಉತ್ತರಕ್ಕೆ ಸಪ್ತರ್ಷಿ ಮಂಡಲ ಎತ್ತರದಲ್ಲಿ ಕಾಣುತ್ತದೆ. ಅದರ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಹೋದರೆ ಬಿಳಿಯ ಚಿತ್ರಾ. ಅಜ್ಜಿಯರಿಗೆ ಈ ಹೆಸರುಗಳು ಮಳೆ ಲೆಕ್ಕದಲ್ಲಿ ಗೊತ್ತಿರುತ್ತವೆ, ಮಕ್ಕಳಿಗೆ ಆಕಾಶದಲ್ಲಿ ಗೊತ್ತಾಗಲಿ.

ನಿಮ್ಮ ಮಗನಿಗೆ ಇನ್ನೊಂದು ಕೆಲಸ ಇದೆ, ನಾನೂ ಸೇರಿಕೊಳ್ಳುತ್ತೇನೆ. ನಮ್ಮ ರಾಜ್ಯದಲ್ಲಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಒಂದೊಂದು ಊರಿಗೆ ಒಂದೊಂದು ದಿನ ಸೂರ್ಯ ನೆತ್ತಿಯ ಮೇಲೆ ನೇರ ಬರುತ್ತಾನೆ. ಆ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳಲ್ಲ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ, ತುಮಕೂರಿಗೆ ಅದರ ಮರುದಿನವೋ ಆಚೆ ದಿನವೋ, ನಮ್ಮ ರಾಯಚೂರಿಗೆ ಮೇ ಮೊದಲ ವಾರ. ತುಮಕೂರು, ರಾಯಚೂರು ಹೆಚ್ಚುಕಡಿಮೆ ಒಂದೇ ಉತ್ತರ ದಕ್ಷಿಣ ಗೆರೆಯ ಮೇಲಿವೆ. ನಡುವೆ ನೇರ ದೂರ ಸುಮಾರು 320 ಕಿಲೋಮೀಟರ್. ನಿಮ್ಮಲ್ಲಿ ನೆರಳು ಮಾಯವಾದ ದಿನ, ಅದೇ ಹೊತ್ತಿಗೆ ನಮ್ಮ ಮಕ್ಕಳು ಇಲ್ಲಿ 1 ಮೀಟರ್ ಕೋಲು ನಿಲ್ಲಿಸಿದರೆ 5 ಸೆಂಟಿಮೀಟರಿನಷ್ಟು ನೆರಳು ಉತ್ತರಕ್ಕೆ ಬೀಳಬೇಕು. ಆ ನೆರಳಿನಿಂದ ಕೋನ ತೆಗೆಯೋದು ಹತ್ತನೇ ಕ್ಲಾಸಿನ ತ್ರಿಕೋನಮಿತಿಯೇ, 3 ಡಿಗ್ರಿಗೆ ಸ್ವಲ್ಪ ಕಡಿಮೆ ಬರುತ್ತದೆ. 320 ಕಿಲೋಮೀಟರಿಗೆ ಇಷ್ಟು ಡಿಗ್ರಿ ಆದರೆ 360 ಡಿಗ್ರಿಗೆ ಎಷ್ಟು? ಭೂಮಿಯ ಸುತ್ತಳತೆ ಬಂತು, 40,000 ಕಿಲೋಮೀಟರ್ ಹತ್ತಿರ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ್ದು ಇದೇ ಲೆಕ್ಕ. ಎರಡು ಊರಿನ ಹುಡುಗರು ಫೋನ್‌ನಲ್ಲಿ ಮಾತಾಡಿಕೊಂಡು ಮಾಡಬಹುದು. ಏನಂತೀರಿ?

ತುಮಕೂರಿನ ಅಮ್ಮ

ಇಷ್ಟೊಂದು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಕೂತು ಎಲ್ಲವನ್ನೂ ಜೋರಾಗಿ ಓದಿದೆವು, ಅತ್ತೆಯೂ ಕೇಳಿಸಿಕೊಂಡರು. ಸ್ಕೂಟರ್ ಮಾತು ದಂಡದ ಮೊತ್ತ ಓದಿದ ಮೇಲೆ ನಿಂತಿದೆ. ಅಣ್ಣನ ಅಂಗಡಿಗೆ ಸೋಮವಾರದಿಂದ ಹೋಗುತ್ತಾನೆ, 10ರಿಂದ 1. ಸಂಬಳ ಅವನೇ ಮಾವನ ಹತ್ತಿರ ಮಾತಾಡಿಕೊಂಡ. ಬ್ರಿಡ್ಜ್ ಕೋರ್ಸ್ ಬೇಡ ಅಂತ ಕಾಲೇಜಿನವರಿಗೆ ಹೇಳಿದ್ದೇವೆ, ಅವನು ಇಂಗ್ಲಿಷ್ ಮಾಧ್ಯಮವೇ, ಪದದ ತೊಂದರೆ ಇಲ್ಲ. ಮಗಳು 'ಆ ಅಕ್ಕ ಹೇಳಿದ ಹಾಗೆ ನಂಗೂ ಸೈಕಲ್' ಅಂತ ಪಟ್ಟು ಹಿಡಿದಿದ್ದಾಳೆ, ಹಳೆಯದೊಂದು ನೋಡುತ್ತಿದ್ದೇವೆ. ಈಜಿಗೆ ಇಬ್ಬರ ಹೆಸರೂ ಕೊಡಬೇಕು. ಅತ್ತೆಗೆ ಪದಗಳು ಬರುತ್ತವೆ ಅಂತ ನನಗೇ ಗೊತ್ತಿರಲಿಲ್ಲ.

ರಾಯಚೂರು ಅಣ್ಣಾವ್ರೇ, ನೆರಳಿನ ಲೆಕ್ಕಕ್ಕೆ ಮಗ ರೆಡಿ. ಅವನದ್ದೇ ಪ್ರಶ್ನೆ: ಕೋಲು 1 ಮೀಟರೇ ಇರಬೇಕಾ? ಸರಿಯಾಗಿ ಎಷ್ಟು ಗಂಟೆಗೆ ನೋಡಬೇಕು? ಮೋಡ ಬಂದರೆ?

ರಾಯಚೂರು ಬಿಸಿಲು

ಉದ್ದ ಎಷ್ಟಾದರೂ ಇರಲಿ, ಆದರೆ ಎರಡೂ ಕಡೆ ಸರಿಯಾಗಿ ಅಳೆದಿರಬೇಕು. 1 ಮೀಟರ್ ಆದರೆ ಲೆಕ್ಕ ಸುಲಭ. ಕೋಲು ನೆಟ್ಟಗೆ ನಿಲ್ಲೋದು ಮುಖ್ಯ, ಗಾರೆಯವರ ತೂಗುಗುಂಡು ಅವನ ಮಾವನ ಅಂಗಡಿಯಲ್ಲೇ ಸಿಗುತ್ತದೆ, ಅದನ್ನೇ ಇಳಿಬಿಟ್ಟು ನೋಡಲಿ. ಹೊತ್ತು 12 ಗಂಟೆ 20 ನಿಮಿಷದ ಆಸುಪಾಸು. 12ರಿಂದಲೇ ಐದು ನಿಮಿಷಕ್ಕೊಂದು ಗುರುತು ಹಾಕುತ್ತಾ ಹೋಗಲಿ, ಎಲ್ಲಕ್ಕಿಂತ ಚಿಕ್ಕ ನೆರಳು ಯಾವುದೋ ಅದೇ ನಮಗೆ ಬೇಕಾದದ್ದು. ಸೂರ್ಯನನ್ನು ನೇರ ನೋಡಬಾರದು, ಟೋಪಿ ಇರಲಿ, ಪಕ್ಕದಲ್ಲಿ ನೀರಿನ ಬಾಟಲಿ ಇರಲಿ. ಮೋಡ ಬಂದರೆ ಮೇ ಮೊದಲ ವಾರ ನಮ್ಮ ಸರದಿ, ಅವತ್ತು ನೆರಳು ನಿಮ್ಮಲ್ಲಿ ಬೀಳುತ್ತದೆ, ದಕ್ಷಿಣಕ್ಕೆ. ನನ್ನ ಮಗಳು ಒಂಬತ್ತನೇ ಕ್ಲಾಸ್, ಅಳೆಯೋದು ಅವಳೇ. ನಂಬರ್ ನಿಮಗೆ ಖಾಸಗಿ ಮೆಸೇಜಿನಲ್ಲಿ ಕಳಿಸುತ್ತೇನೆ, ಹಿಂದಿನ ದಿನ ಸಂಜೆ ಒಂದು ಸಲ ಮಾತಾಡಿಕೊಳ್ಳಲಿ.